ಮೈನ್‌ಕ್ರಾಫ್ಟ್‌ನಲ್ಲಿ ತಾನೇ ನಡೆಯುವ ಕುಲುಮೆ: ಹಾಪರ್ ಮೂತಿ ನೋಡಿ ಕಟ್ಟಿ

ಅಕ್ಕನ ಮಗಳು ಮೈನ್‌ಕ್ರಾಫ್ಟ್ ಎಂಬ ಬ್ಲಾಕ್ ಜೋಡಿಸುವ ಆಟದಲ್ಲಿ ಕಟ್ಟಿದ್ದ ಕುಲುಮೆ ನೋಡಲು ಬಹಳ ಚೆನ್ನಾಗಿತ್ತು. ಸುತ್ತ ಕಲ್ಲಿನ ಗೋಡೆ, ನಡುವೆ ಅದಿರು ಬೇಗ ಕರಗಿಸುವ ಬ್ಲಾಸ್ಟ್ ಫರ್ನೇಸ್, ಮೇಲೆ ಅದಿರು ತುಂಬಿದ ಪೆಟ್ಟಿಗೆ. ಕೆಳಗಿನ ಪೆಟ್ಟಿಗೆ ಮಾತ್ರ ಖಾಲಿ. ಬೆಂಕಿಯೇ ಹೊತ್ತಿರಲಿಲ್ಲ. ಕಲ್ಲಿದ್ದಲು ಸಾಗಿಸಬೇಕಾದ ಲಾಳಿಕೆಯ, ಅಂದರೆ ಹಾಪರ್‌ನ, ಮೂತಿ ಫರ್ನೇಸ್‌ ಕಡೆಗಿರದೆ ನೆಲದ ಕಡೆಗಿತ್ತು. ಇದೇ ತಪ್ಪನ್ನು ಎಷ್ಟೋ ಆಟಗಾರರು ಮಾಡುವುದನ್ನು ಕಂಡಿದ್ದೇನೆ. ಹೆಚ್ಚಿನವರು ಕೊನೆಗೆ ಎಲ್ಲವನ್ನೂ ಒಡೆದು, ಹಾಪರ್ ಇಲ್ಲದೆಯೇ ಕೈಯಿಂದ ಅದಿರು ಹಾಕುತ್ತಾ ಕೂರುತ್ತಾರೆ. ಅಷ್ಟು ಕಷ್ಟಪಡಬೇಕಾಗಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. 2019ರಲ್ಲಿ 1.14ನೇ ಆವೃತ್ತಿಯೊಂದಿಗೆ ಬಂದ ಬ್ಲಾಸ್ಟ್ ಫರ್ನೇಸ್ ಇಂಧನ ಉಳಿಸುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಉಳಿಸುವುದು ಸಮಯವನ್ನು ಮಾತ್ರ. ಸಾಮಾನ್ಯ ಫರ್ನೇಸ್ ಒಂದು ವಸ್ತುವಿಗೆ 10 ಸೆಕೆಂಡ್ ತೆಗೆದುಕೊಂಡರೆ ಇದು 5 ಸೆಕೆಂಡ್ ತೆಗೆದುಕೊಳ್ಳುತ್ತದೆ. 64 ಅದಿರು 10 ನಿಮಿಷ 40 ಸೆಕೆಂಡ್ ಬದಲು 5 ನಿಮಿಷ 20 ಸೆಕೆಂಡಿನಲ್ಲಿ ಕರಗುತ್ತದೆ. ಆದರೆ ಇಂಧನವೂ ಎರಡು ಪಟ್ಟು ವೇಗವಾಗಿ ಉರಿಯುವುದರಿಂದ ಒಂದು ಕಲ್ಲಿದ್ದಲಿಗೆ ಎರಡರಲ್ಲೂ ಎಂಟೇ ವಸ್ತುಗಳು. ಜೊತೆಗೆ ಇದು ಲೋಹದ ಕೆಲಸವನ್ನಷ್ಟೇ ಮಾಡುತ್ತದೆ. ಮರಳು, ಕಲ್ಲು, ಮಾಂಸ ಯಾವುದನ್ನೂ ಮುಟ್ಟುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ಸಾಮಾನ್ಯ ಫರ್ನೇಸ್ ಇರಲೇಬೇಕು.

ಹಂತ 1: ಸಾಮಗ್ರಿ

ಒಟ್ಟು 20 ಕಬ್ಬಿಣದ ಗಟ್ಟಿಗಳು ಬೇಕು: ಬ್ಲಾಸ್ಟ್ ಫರ್ನೇಸ್‌ಗೆ 5, ಮೂರು ಹಾಪರ್‌ಗಳಿಗೆ ತಲಾ 5. ಆರು ಪೆಟ್ಟಿಗೆಗಳು ಬೇಕು. ಮೂರು ಹಾಪರ್‌ಗಳೊಳಗೆ ಸೇರುತ್ತವೆ, ಮೂರು ಸಾಮಾನು ಇಡಲು. ಅಂದರೆ 48 ಹಲಗೆ, 12 ಮರದ ದಿಮ್ಮಿ. ಕಾಬಲ್‌ಸ್ಟೋನ್ (ಬಂಡೆ ಅಗೆದಾಗ ಸಿಗುವ ಒಡಕು ಕಲ್ಲು) 19 ಇದ್ದರೆ ಸಾಕು. ಎಂಟೆಂಟರಂತೆ ಎರಡು ಫರ್ನೇಸ್ ಮಾಡಿ. ಒಂದು ಕೆಲಸಕ್ಕೆ, ಇನ್ನೊಂದು ಬ್ಲಾಸ್ಟ್ ಫರ್ನೇಸ್‌ನೊಳಗೆ ಸೇರಲು. ಉಳಿದ ಮೂರನ್ನು ಎರಡು ಸಲ ಸುಡಬೇಕು.

ಹೌದು, ಎರಡು ಸಲ. ಕಾಬಲ್‌ಸ್ಟೋನ್ ಒಮ್ಮೆ ಸುಟ್ಟರೆ ಸ್ಟೋನ್, ಅದನ್ನೇ ಮತ್ತೆ ಸುಟ್ಟರೆ ಸ್ಮೂತ್ ಸ್ಟೋನ್. ಬೇಕಾದದ್ದು ಎರಡನೆಯದು. ಕಲ್ಲು ಕತ್ತರಿಸುವ ಸ್ಟೋನ್‌ಕಟರ್‌ನಲ್ಲಿ ಇದು ಸಿಗುತ್ತದೆಂದು ಹುಡುಕಬೇಡಿ, ಸಿಗುವುದಿಲ್ಲ.

ಹಂತ 2: ಬ್ಲಾಸ್ಟ್ ಫರ್ನೇಸ್

ಕ್ರಾಫ್ಟಿಂಗ್ ಟೇಬಲ್‌ನ ಮೇಲಿನ ಸಾಲಿನಲ್ಲಿ ಮೂರು ಗಟ್ಟಿ, ನಡುವಿನ ಸಾಲಿನಲ್ಲಿ ಗಟ್ಟಿ, ಫರ್ನೇಸ್, ಗಟ್ಟಿ, ಕೆಳಗೆ ಮೂರು ಸ್ಮೂತ್ ಸ್ಟೋನ್. ಮುಗಿಯಿತು.

ಹಳ್ಳಿಯಲ್ಲಿ ರಕ್ಷಾಕವಚ ಮಾಡುವವನ ಮನೆಯಿಂದ ಬ್ಲಾಸ್ಟ್ ಫರ್ನೇಸ್ ಕಿತ್ತು ತರುವ ಅಡ್ಡದಾರಿಯೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಅದು ಅವನ ಕಸುಬಿನ ಜಾಗ. ನೀವು ಅವನೊಂದಿಗೆ ಇನ್ನೂ ವ್ಯಾಪಾರ ಮಾಡಿರದಿದ್ದರೆ ಅವನು ಆ ಕಸುಬನ್ನೇ ಕಳೆದುಕೊಳ್ಳುತ್ತಾನೆ. ಐದು ಗಟ್ಟಿ ಉಳಿಸಲು ಹೋಗಿ ಒಬ್ಬ ಒಳ್ಳೆಯ ವ್ಯಾಪಾರಿಯನ್ನು ಕಳೆದುಕೊಳ್ಳಬೇಡಿ.

ಹಂತ 3: ಹಾಪರ್‌ಗಳು

ನಿಧಾನವಾಗಿ ಓದಬೇಕಾದ ಭಾಗ ಇದು. ಹಾಪರ್ ಒಂದು ಲಾಳಿಕೆ. ತನ್ನ ಮೇಲಿರುವ ಪೆಟ್ಟಿಗೆ ಅಥವಾ ಫರ್ನೇಸ್‌ನಿಂದ ಎಳೆದುಕೊಂಡು, ಮೂತಿ ಇರುವ ಕಡೆಗೆ ತಳ್ಳುತ್ತದೆ. ಇಡುವಾಗ ನೀವು ಯಾವ ಬ್ಲಾಕ್‌ನ ಮೇಲೆ ಕ್ಲಿಕ್ ಮಾಡುತ್ತೀರೋ ಆ ಕಡೆಗೆ ಮೂತಿ ತಿರುಗುತ್ತದೆ. ನೀವು ಎಲ್ಲಿ ನಿಂತಿದ್ದೀರಿ, ಎತ್ತ ನೋಡುತ್ತಿದ್ದೀರಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನೆಲಕ್ಕೆ ಕ್ಲಿಕ್ ಮಾಡಿದರೆ ಮೂತಿ ಕೆಳಗೆ. ಅಕ್ಕನ ಮಗಳಿಗೆ ಆದದ್ದೂ ಇಷ್ಟೇ.

ಇನ್ನೊಂದು ತೊಡಕಿದೆ. ಪೆಟ್ಟಿಗೆ, ಫರ್ನೇಸ್, ಹಾಪರ್ ಇವುಗಳಿಗೆ ಸುಮ್ಮನೆ ಕ್ಲಿಕ್ ಮಾಡಿದರೆ ಅವು ತೆರೆದುಕೊಳ್ಳುತ್ತವೆ. ಹಾಗಾಗಿ ಇಡೀ ಹೊತ್ತು ಬಗ್ಗಿಕೊಂಡೇ ಕೆಲಸ ಮಾಡಿ. ಕಂಪ್ಯೂಟರ್‌ನಲ್ಲಿ ಶಿಫ್ಟ್ ಒತ್ತಿ ಹಿಡಿಯಿರಿ; ಮೊಬೈಲ್‌ನಲ್ಲಿ ಬಗ್ಗುವ ಬಟನ್ ಪರದೆಯ ಮೇಲೆಯೇ ಇದೆ.

ಈಗ ಕೆಳಗಿನಿಂದ ಮೇಲಕ್ಕೆ ಕಟ್ಟಿ. ಫರ್ನೇಸ್ ಮೊದಲು ಇಟ್ಟು ಆಮೇಲೆ ಅದರ ಸುತ್ತ ತುರುಕುವವರೇ ಎಡವುವುದು. ನೆಲದ ಮೇಲೆ ಒಂದು ಪೆಟ್ಟಿಗೆ ಇಡಿ. ಅದರ ಹಿಂಬದಿಗೆ ಕ್ಲಿಕ್ ಮಾಡಿ ಮೊದಲ ಹಾಪರ್ ಇಡಿ. ಮೂತಿ ಪೆಟ್ಟಿಗೆಗೆ ತಾಗಿರಬೇಕು. ಆ ಹಾಪರ್‌ನ ತಲೆಯ ಮೇಲೆ ಬ್ಲಾಸ್ಟ್ ಫರ್ನೇಸ್. ಕರಗಿದ ಗಟ್ಟಿಗಳು ಇಲ್ಲಿಂದ ಇಳಿಯುತ್ತವೆ. ಎರಡನೆಯ ಹಾಪರ್ ಫರ್ನೇಸ್‌ನ ಬಲ ಮಗ್ಗುಲಿಗೆ, ಮಗ್ಗುಲಿಗೇ ಕ್ಲಿಕ್ ಮಾಡಿ. ಪಕ್ಕದಿಂದ ಬಂದದ್ದು ಇಂಧನದ ಜಾಗಕ್ಕೆ ಹೋಗುತ್ತದೆ. ಮೂರನೆಯದು ಫರ್ನೇಸ್‌ನ ನೆತ್ತಿಯ ಮೇಲೆ. ಮೇಲಿನಿಂದ ಬಂದದ್ದು ಅದಿರಿನ ಜಾಗಕ್ಕೆ. ಈ ಎರಡು ಹಾಪರ್‌ಗಳ ಮೇಲೂ ಒಂದೊಂದು ಪೆಟ್ಟಿಗೆ. ಮೇಲಿನ ಪೆಟ್ಟಿಗೆ ನಾಲ್ಕನೆಯ ಬ್ಲಾಕ್ ಎತ್ತರದಲ್ಲಿ ಬರುತ್ತದೆ, ಅದರ ಮೇಲೂ ಒಂದು ಬ್ಲಾಕ್ ಜಾಗ ಖಾಲಿ ಬಿಡಿ. ಕಲ್ಲಿನ ಛಾವಣಿ ಮುಚ್ಚಳಕ್ಕೆ ತಾಗಿದರೆ ಪೆಟ್ಟಿಗೆ ತೆರೆಯುವುದಿಲ್ಲ.

ಮೂತಿ ತಪ್ಪಿದರೆ ಹಾಪರ್ ಒಡೆದು ಮತ್ತೆ ಇಡಿ, ಆದರೆ ಪಿಕಾಕ್ಸ್‌ನಿಂದಲೇ ಒಡೆಯಿರಿ. ಬರಿಗೈಯಿಂದ ಒಡೆದರೆ ಹಾಪರ್ ಕೈಗೆ ಬರುವುದಿಲ್ಲ. ಬೆಳಕಿಗೆಂದು ಹಾಪರ್ ಪಕ್ಕ ರೆಡ್‌ಸ್ಟೋನ್ (ಆಟದೊಳಗಿನ ವಿದ್ಯುತ್ತಿನಂಥದ್ದು) ಟಾರ್ಚ್ ನೆಡಲೂ ಬೇಡಿ. ಅದರ ಸಂಕೇತ ತಾಗಿದ ಹಾಪರ್ ಬೀಗ ಹಾಕಿದಂತೆ ನಿಂತುಬಿಡುತ್ತದೆ. ಸಾಮಾನ್ಯ ಟಾರ್ಚ್ ಸಾಕು.

ಪೆಟ್ಟಿಗೆ ತುಂಬಿಸುವ ಮೊದಲು ಒಂದೇ ಒಂದು ಅದಿರು, ಒಂದೇ ಒಂದು ಕಲ್ಲಿದ್ದಲು ಹಾಕಿ ನೋಡಿ. ಗಟ್ಟಿ ಕೆಳಗಿನ ಪೆಟ್ಟಿಗೆಗೆ ಬಿದ್ದ ಮೇಲೆ ಉಳಿದದ್ದು. ಮೇಲಿನ ಪೆಟ್ಟಿಗೆಗೆ ಅದಿರು ಬಿಟ್ಟು ಬೇರೇನನ್ನೂ ಹಾಕಬೇಡಿ. ಗಣಿಯಿಂದ ಬಂದವರು ಚೀಲವನ್ನೆಲ್ಲ ಅಲ್ಲಿಗೇ ಸುರಿಯುತ್ತಾರೆ. ಒಂದು ಕಾಬಲ್‌ಸ್ಟೋನ್ ಅದಿರಿನ ಜಾಗ ಸೇರಿದರೂ ಅದು ಕರಗುವುದಿಲ್ಲ, ಹಿಂದಿರುವುದಕ್ಕೆ ದಾರಿಯನ್ನೂ ಬಿಡುವುದಿಲ್ಲ.

ಹಂತ 4: ಇಂಧನ

ನನ್ನ ಆಯ್ಕೆ ಇದ್ದಿಲು. ಒಂದು ದಿಮ್ಮಿಯನ್ನು ಹಲಗೆ ಮಾಡಿದರೆ ನಾಲ್ಕು ಹಲಗೆ, ಒಂದಕ್ಕೆ ಒಂದೂವರೆಯಂತೆ ಆರು ವಸ್ತು ಕರಗುತ್ತವೆ. ಅದೇ ದಿಮ್ಮಿಯನ್ನು ಸಾಮಾನ್ಯ ಫರ್ನೇಸ್‌ನಲ್ಲಿ ಸುಟ್ಟು ಇದ್ದಿಲು ಮಾಡಿದರೆ ಎಂಟು. ಸುಡಲು ಖರ್ಚಾದ ಒಂದನ್ನು ಕಳೆದರೂ ಏಳು. ಕಲ್ಲಿದ್ದಲು ಹೇರಳವಾಗಿದ್ದರೆ ಒಂಬತ್ತನ್ನು ಸೇರಿಸಿ ಬ್ಲಾಕ್ ಮಾಡಿಕೊಳ್ಳಿ. 72ರ ಬದಲು 80 ಕರಗುತ್ತವೆ. ಲಾವಾ ಬಕೆಟ್ 100 ಕರಗಿಸುತ್ತದೆ, ಖಾಲಿ ಬಕೆಟ್ ಕೆಳಗಿನ ಪೆಟ್ಟಿಗೆಗೆ ತಾನೇ ಬರುತ್ತದೆ. ಆದರೆ ಒಮ್ಮೆ ಹೊತ್ತಿದ ಇಂಧನ ಅದಿರು ಮುಗಿದರೂ ಉರಿದುಹೋಗುತ್ತದೆ. 20 ಅದಿರಿಗೆ ಲಾವಾ ಹಾಕುವುದು ಶುದ್ಧ ದಂಡ.

ಹಳೆಯ ಕಬ್ಬಿಣದ ಕತ್ತಿ, ಕವಚ ಕರಗಿಸಿ ಗಟ್ಟಿ ಪಡೆಯುವ ಆಸೆಯನ್ನೂ ಬಿಡಿ. ಎದೆಕವಚಕ್ಕೆ ಎಂಟು ಗಟ್ಟಿ ಹಾಕಿದ್ದರೂ ಹಿಂದಿರುಗಿ ಬರುವುದು ಒಂದು ನಗೆಟ್, ಗಟ್ಟಿಯ ಒಂಬತ್ತನೇ ಒಂದು ಪಾಲು. ಕಬ್ಬಿಣ ಹೆಚ್ಚು ಬೇಕಿದ್ದರೆ ಹೆಚ್ಚು ಫಲ ಕೊಡುವ ಫಾರ್ಚೂನ್ ಎಂಬ ಮಂತ್ರಶಕ್ತಿ ಇರುವ ಪಿಕಾಕ್ಸ್‌ನಿಂದ ಅಗೆಯಿರಿ. 2021ರ 1.17ರಿಂದ ಕಬ್ಬಿಣದ ಅದಿರಿಗೂ ಅದರ ಫಲವಿದೆ.

ಹಂತ 5: ಅನುಭವದ ಅಂಕಗಳು

ಹಾಪರ್ ಗಟ್ಟಿಗಳನ್ನು ಎಳೆದುಕೊಂಡರೆ ಕರಗಿಸಿದ್ದಕ್ಕೆ ಸಿಗಬೇಕಾದ ಅಂಕಗಳು ಹೋದವೆಂದು ಕೆಲವರು ಹಾಪರ್ ಹಾಕುವುದೇ ಇಲ್ಲ. ಅವು ಎಲ್ಲಿಗೂ ಹೋಗುವುದಿಲ್ಲ, ಫರ್ನೇಸ್‌ನೊಳಗೇ ಕೂಡುತ್ತಾ ಇರುತ್ತವೆ. ಕೆಳಗಿನ ಹಾಪರ್‌ನ ಎಡಕ್ಕೆ, ನೆಲದ ಮೇಲೆ ಒಂದು ಲಿವರ್ ಇಡಿ. ಬಲಕ್ಕೆ ಇಟ್ಟರೆ ಇಂಧನದ ಹಾಪರ್‌ಗೂ ಸಂಕೇತ ತಾಗುತ್ತದೆ. ಲಿವರ್ ಒತ್ತಿದಾಗ ಹಾಪರ್ ನಿಲ್ಲುತ್ತದೆ, ಮುಂದಿನ ಗಟ್ಟಿ ಫರ್ನೇಸ್‌ನಲ್ಲೇ ಉಳಿಯುತ್ತದೆ. ಅದನ್ನು ಕೈಯಿಂದ ತೆಗೆದುಕೊಂಡರೆ ಅಲ್ಲಿಯವರೆಗಿನ ಅಂಕಗಳೆಲ್ಲ ಒಟ್ಟಿಗೆ ನಿಮ್ಮದಾಗುತ್ತವೆ. ಆಮೇಲೆ ಲಿವರ್ ಮತ್ತೆ ಒತ್ತಿ, ಕುಲುಮೆಯನ್ನು ಅದರ ಪಾಡಿಗೆ ಬಿಟ್ಟು ಗಣಿಗೆ ಹೊರಡಿ.