ಅಲರ್ಜಿ ಇದ್ದವರಿಗೆ ಲಸಿಕೆ: ಸೂಜಿ ಹಿಡಿಯುವ ಮೊದಲು ನಾನು ಕೇಳುವುದು, ನೋಡುವುದು

ನಮ್ಮ ಕಡೆ ಅಲರ್ಜಿ ಅನ್ನುವ ಒಂದೇ ಮಾತಿನೊಳಗೆ ಹತ್ತಾರು ಸಂಗತಿ ಸೇರಿಕೊಂಡಿರುತ್ತವೆ. ಧೂಳಿಗೆ ಸೀನು ಬಂದರೂ ಅಲರ್ಜಿ, ಬದನೆಕಾಯಿ ತಿಂದು ಮೈ ತುರಿಸಿದರೂ ಅಲರ್ಜಿ, ಪಿತ್ತದ ಗಂಧೆ ಎದ್ದರೂ ಅಲರ್ಜಿ, ಮಾತ್ರೆ ನುಂಗಿ ಹೊಟ್ಟೆ ಉರಿದರೂ ಅಲರ್ಜಿ. ಲಸಿಕೆಯ ಮಟ್ಟಿಗೆ ಇವು ಯಾವುವೂ ಅಡ್ಡಿಯಲ್ಲ. ಹಾಗಾಗಿ ‘ನಿಮಗೆ ಅಲರ್ಜಿ ಇದೆಯಾ?’ ಅಂತ ನಾನು ಕೇಳುವುದೇ ಇಲ್ಲ. ಕೇಳಿದರೆ ಅರ್ಧ ಜನ ಹೌದು ಅನ್ನುತ್ತಾರೆ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ.

ನಾನು ಕೇಳುವುದು ಹೀಗೆ: ಯಾವುದರಿಂದ ಆಯಿತು? ತಿಂದು ಅಥವಾ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ಹೊತ್ತಿಗೆ ಆಯಿತು? ಮೈಮೇಲೆ ಏನೇನು ಕಂಡಿತು? ಆಸ್ಪತ್ರೆಯಲ್ಲಿ ಏನು ಕೊಟ್ಟರು? ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಗಂಧೆ, ತುಟಿ–ನಾಲಿಗೆಯ ಊತ, ಉಬ್ಬಸ, ವಾಂತಿ, ಕಣ್ಣು ಕತ್ತಲೆ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬಂದಿದ್ದರೆ ಅದು ಅನಾಫಿಲಾಕ್ಸಿಸ್, ಅಂದರೆ ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಲಸಿಕೆ ಹಾಕಿದ ಮರುದಿನ ತೋಳು ಊದಿ ಕೆಂಪಾಗಿದ್ದು, ಜ್ವರ ಬಂದದ್ದು ಅಲರ್ಜಿಯಲ್ಲ. ಅದನ್ನು ಚೀಟಿಯಲ್ಲಿ ‘ಲಸಿಕೆ ಅಲರ್ಜಿ’ ಎಂದು ಯಾರೋ ಬರೆದುಬಿಟ್ಟರೆ ಆ ಮಗುವಿಗೆ ಮುಂದಿನ ಡೋಸುಗಳೆಲ್ಲ ತಪ್ಪಿಹೋಗುತ್ತವೆ. ಈ ಒಂದು ಪದದಿಂದ ಆಗುವ ನಷ್ಟ ದೊಡ್ಡದು. ಹಳೆಯ ಚೀಟಿ, ತಾಯಿ ಕಾರ್ಡ್ ಎರಡನ್ನೂ ತರಲು ಹೇಳುವುದು ಅದಕ್ಕೇ.

ನಿಜವಾದ ತಡೆ ಇರುವುದು ಅದೇ ಲಸಿಕೆಯ ಹಿಂದಿನ ಡೋಸಿಗೆ, ಇಲ್ಲವೇ ಅದರೊಳಗಿನ ಯಾವುದಾದರೂ ವಸ್ತುವಿಗೆ ಅನಾಫಿಲಾಕ್ಸಿಸ್ ಆದವರಿಗೆ. ಅಂಥವರಿಗೆ ಅದೇ ಲಸಿಕೆ ಬೇಡ, ಅಲರ್ಜಿ ತಜ್ಞರ ಹತ್ತಿರ ಕಳಿಸುತ್ತೇನೆ. ಲಸಿಕೆಯಿಂದ ಅನಾಫಿಲಾಕ್ಸಿಸ್ ಆಗುವುದು ಹತ್ತು ಲಕ್ಷ ಡೋಸಿಗೆ ಸುಮಾರು ಒಂದು. ಅಪರೂಪವೇ, ಆದರೆ ಯಾವ ದಿನ ಯಾರಿಗೆ ಅಂತ ಮೊದಲೇ ಹೇಳಲಾಗದು.

ಒಳಗಿನ ವಸ್ತುಗಳ ಮಾತಿಗೆ ಬಂದರೆ ಮೊದಲ ಹೆದರಿಕೆ ಮೊಟ್ಟೆಯದು. ಫ್ಲೂ ಲಸಿಕೆಯನ್ನು ಹೆಚ್ಚಾಗಿ ಮೊಟ್ಟೆಯಲ್ಲೇ ಬೆಳೆಸುತ್ತಾರೆ ನಿಜ, ಆದರೆ ಒಂದು ಡೋಸಿನಲ್ಲಿ ಉಳಿಯುವ ಮೊಟ್ಟೆಯ ಪ್ರೋಟೀನ್ ಸಾಮಾನ್ಯವಾಗಿ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ. ಮೊಟ್ಟೆ ಅಲರ್ಜಿಯವರಿಗೂ ಕೊಡಬಹುದು, ಕೊಡುತ್ತೇನೆ. ಸೀರಂ ಇನ್‌ಸ್ಟಿಟ್ಯೂಟಿನ ದಡಾರ–ರುಬೆಲ್ಲಾ ಲಸಿಕೆ ಬೆಳೆಯುವುದು ಮನುಷ್ಯರ ಜೀವಕೋಶದಲ್ಲಿ, ಅದರಲ್ಲಿ ಮೊಟ್ಟೆಯ ಪ್ರಶ್ನೆಯೇ ಇಲ್ಲ. ಮಂಗನಬಾವು ಸೇರಿದ ಎಂಎಂಆರ್‌ನಲ್ಲಿ ಕೋಳಿ ಭ್ರೂಣದ ಕೋಶ ಬಳಸಿದ್ದರೂ ಮೊಟ್ಟೆ ಅಲರ್ಜಿಯ ಮಕ್ಕಳು ಅದನ್ನು ತಾಳಿಕೊಳ್ಳುತ್ತಾರೆ. ನಾನು ಕೈ ಹಿಂದೆ ತೆಗೆಯುವುದು ಹಳದಿ ಜ್ವರದ ಲಸಿಕೆಯಲ್ಲಿ ಮಾತ್ರ. ಆಫ್ರಿಕಾಕ್ಕೆ ಕೆಲಸಕ್ಕೆ ಹೋಗುವವರು ಕೇಳಿಕೊಂಡು ಬರುತ್ತಾರೆ. ಅದರಲ್ಲಿ ಮೊಟ್ಟೆಯ ಪ್ರೋಟೀನ್ ಜಾಸ್ತಿ, ಮೊಟ್ಟೆಯಿಂದ ಅನಾಫಿಲಾಕ್ಸಿಸ್ ಆದವರು ತಜ್ಞರನ್ನು ಕಾಣದೆ ಹಾಕಿಸಿಕೊಳ್ಳಬಾರದು.

ಪೆನಿಸಿಲಿನ್ ಆಗದು, ಸಲ್ಫಾ ಆಗದು ಅನ್ನುವವರಿಗೆ ನೇರವಾಗಿ ಹೇಳುತ್ತೇನೆ: ನಾವು ಕೊಡುವ ಲಸಿಕೆಗಳಲ್ಲಿ ಅವೆರಡೂ ಇಲ್ಲ. ಜೆಲಾಟಿನ್‌ನತ್ತ ಮಾತ್ರ ಹೆಚ್ಚು ಗಮನ ಕೊಡಿ. ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಕೆಲವು ಲಸಿಕೆಗಳಲ್ಲಿ ಅದು ಇರುತ್ತದೆ. ಜೆಲ್ಲಿ ಮಿಠಾಯಿ ತಿಂದು ಮಗುವಿಗೆ ಗಂಧೆ ಎದ್ದಿತ್ತಾ ಅಂತ ಕೇಳಿದರೆ ಸುಳಿವು ಸಿಗುತ್ತದೆ. ಕೆಲವು ಲಸಿಕೆಗಳಲ್ಲಿ ಲೇಶಮಾತ್ರ ಇರುವ ಆಂಟಿಬಯಾಟಿಕ್ ನಿಯೋಮೈಸಿನ್‌ನ ಮುಲಾಮು ಹಚ್ಚಿ ಚರ್ಮ ಕೆರೆದಿದ್ದರೆ ಅಡ್ಡಿಯಿಲ್ಲ.

ಒಂದು ಲಸಿಕೆಯ ವಸ್ತು ಒಗ್ಗದಿದ್ದರೆ ಅದೇ ರೋಗದ ಇನ್ನೊಂದನ್ನು ಹುಡುಕಬೇಕು. ಕೋವಿಡ್ ಲಸಿಕೆಗಳಲ್ಲಿ ಕೋವಿಶೀಲ್ಡ್‌ನಲ್ಲಿ ಪಾಲಿಸಾರ್ಬೇಟ್ 80 ಎಂಬ ವಸ್ತು ಇತ್ತು, ಕೋವ್ಯಾಕ್ಸಿನ್‌ನಲ್ಲಿ ಇರಲಿಲ್ಲ. ಪ್ಯಾಕೆಟ್‌ನೊಳಗಿನ ಚೀಟಿ ಬಿಡಿಸಿ ಓದಿದರೆ ಇದೆಲ್ಲ ಅಲ್ಲೇ ಅಚ್ಚಾಗಿರುತ್ತದೆ. ಆದರೆ ನಾಯಿ ಕಚ್ಚಿದವರ ಲೆಕ್ಕವೇ ಬೇರೆ. ರೇಬೀಸ್ ಬಂದರೆ ಸಾವು ಖಚಿತ, ಆದ್ದರಿಂದ ಅಲರ್ಜಿ ಇದ್ದರೂ ಲಸಿಕೆ ನಿಲ್ಲಿಸುವಂತಿಲ್ಲ. ಕೋಳಿ ಕೋಶದಲ್ಲಿ ಬೆಳೆಸಿದ ಲಸಿಕೆ ಆಗದಿದ್ದರೆ ವೆರೋ ಅನ್ನುವ ಕೋತಿಯ ಕೋಶದಲ್ಲಿ ಬೆಳೆಸಿದ್ದನ್ನು, ಅನಾಫಿಲಾಕ್ಸಿಸ್‌ಗೆ ಕೊಡುವ ಅಡ್ರಿನಲಿನ್ ಮದ್ದನ್ನು ಪಕ್ಕದಲ್ಲಿಟ್ಟುಕೊಂಡು, ವೈದ್ಯರ ಎದುರಿನಲ್ಲೇ ಹಾಕಬೇಕು.

‘ಟೆಸ್ಟ್ ಡೋಸ್ ಹಾಕಿ ನೋಡಿ ಸರ್’ ಅಂತ ಬಹಳ ಜನ ಕೇಳುತ್ತಾರೆ. ನಾನು ಹಾಕುವುದಿಲ್ಲ. ಪರೀಕ್ಷೆಗೆಂದು ಚರ್ಮದ ಪದರದೊಳಗೆ ಸ್ವಲ್ಪ ಚುಚ್ಚಿದ ಲಸಿಕೆ ಅಲರ್ಜಿ ಇಲ್ಲದವರಲ್ಲೂ ಕೆಂಪು ಗುಳ್ಳೆ ಎಬ್ಬಿಸಬಹುದು, ಆಗ ಸುಮ್ಮನೆ ಒಬ್ಬರಿಗೆ ಲಸಿಕೆ ತಪ್ಪುತ್ತದೆ. ಮೊದಲೇ ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿ ಬರುವುದೂ ರಕ್ಷಣೆಯಲ್ಲ. ಅದು ತುರಿಕೆ ತಡೆಯುತ್ತದೆಯೇ ಹೊರತು ಅನಾಫಿಲಾಕ್ಸಿಸ್ ತಡೆಯುವುದಿಲ್ಲ, ಮೊದಲ ಲಕ್ಷಣವಾದ ಗಂಧೆಯನ್ನೂ ಮುಚ್ಚಿಡಬಹುದು. ದಿನವೂ ತೆಗೆದುಕೊಳ್ಳುವವರು ನಿಲ್ಲಿಸಬೇಕಾಗಿಲ್ಲ. ಉಬ್ಬಸ ಇರುವವರು ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡು ಬರಲಿ. ಅಂದೇ ಎದೆ ಸುಯ್ಗುಡುತ್ತಿದ್ದರೆ ಹತೋಟಿಗೆ ಬಂದ ಮೇಲೆ ಹಾಕೋಣ ಅನ್ನುತ್ತೇನೆ.

ಇನ್ನು ಅನಾಫಿಲಾಕ್ಸಿಸ್ ಆದರೆ ಬೇಕಾಗುವ ಕಿಟ್. 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಅಡ್ರಿನಲಿನ್ ಆಂಪೂಲ್, ಅವಧಿ ಮುಗಿದಿರಬಾರದು, ಒಳಗಿನ ದ್ರವ ನೀರಿನಂತೆ ತಿಳಿಯಾಗಿರಬೇಕು. ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ಡೋಸ್ ದೊಡ್ಡವರಿಗೆ 0.5 ಮಿ.ಲೀ., ಹನ್ನೆರಡರಿಂದ ಹದಿನೆಂಟರವರಿಗೆ 0.3, ಆರರಿಂದ ಹನ್ನೆರಡರವರಿಗೆ 0.2, ಒಂದರಿಂದ ಆರರವರಿಗೆ 0.1, ಒಂದು ವರ್ಷದೊಳಗಿನ ಕೂಸಿಗೆ 0.05. ನಮ್ಮಲ್ಲಿ ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯುವ ರೂಢಿ ಇದೆ, ತಪ್ಪಾಗುವುದೂ ಅಲ್ಲೇ. 40 ಯೂನಿಟ್ ಸಿರಿಂಜಿನಲ್ಲಿ 20ನೇ ಗೆರೆ ಅಂದರೆ 0.5 ಮಿ.ಲೀ. ಅದೇ ಗೆರೆ 100 ಯೂನಿಟ್ ಸಿರಿಂಜಿನಲ್ಲಿ ಬರೀ 0.2. ಸಿರಿಂಜಿನ ಮೇಲಿನ ಅಂಕಿ ಓದದೆ ಎಳೆದರೆ ಅರ್ಧ ಡೋಸೂ ಹೋಗುವುದಿಲ್ಲ. ಸೂಜಿ ಅಂಟಿಸಿಯೇ ಬರುವ ಸಿರಿಂಜಿನ ಮೊನೆ ತೀರ ಗಿಡ್ಡ, ಮದ್ದು ಕೊಬ್ಬಿನಲ್ಲೇ ಉಳಿಯುತ್ತದೆ. ಸೂಜಿ ಬಿಚ್ಚಬಹುದಾದ ಸಿರಿಂಜಿಗೆ ಒಂದು ಇಂಚಿನ 24 ಅಥವಾ 25 ಗೇಜ್ ಸೂಜಿ ಸಿಕ್ಕಿಸಿ, ತೊಡೆಯ ಮಧ್ಯದ ಹೊರಬದಿಗೆ ನೆಟ್ಟಗೆ ಚುಚ್ಚಬೇಕು.

ಆ ಗಳಿಗೆಯಲ್ಲಿ ಕೈ ಮೊದಲು ಹೋಗುವುದು ಅಲರ್ಜಿ ಮದ್ದಾದ ಏವಿಲ್, ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಕಡೆಗೆ. ಇದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ಉಸಿರನ್ನೂ ರಕ್ತದೊತ್ತಡವನ್ನೂ ಹಿಡಿದು ನಿಲ್ಲಿಸುವುದು ಅಡ್ರಿನಲಿನ್, ಉಳಿದವು ಆಮೇಲೆ. ಕೊಟ್ಟು ಅಂಗಾತ ಮಲಗಿಸಿ ಕಾಲು ಎತ್ತಿಡಿ. ಉಸಿರು ಕಟ್ಟುತ್ತಿದ್ದರೆ ಒರಗಿ ಕೂರಿಸಿ. ಎಬ್ಬಿಸಿ ನಡೆಸಲೇಬೇಡಿ, ತಟ್ಟನೆ ನಿಂತರೆ ಹೃದಯವೇ ನಿಲ್ಲಬಹುದು. ಒಬ್ಬರು 108ಕ್ಕೆ ಕರೆ ಮಾಡುತ್ತಿರಲಿ. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ವೈದ್ಯರು ಇನ್ನೊಂದು ಡೋಸ್ ಕೊಡುತ್ತಾರೆ. ಬಿಪಿಗೆ ಅಟೆನಲಾಲ್, ಮೆಟೊಪ್ರೊಲಾಲ್ ನುಂಗುವವರಲ್ಲಿ ಅಡ್ರಿನಲಿನ್ ಸರಿಯಾಗಿ ಹಿಡಿಯದಿರಬಹುದು, ಅದನ್ನು ಮೊದಲೇ ಕೇಳಿಟ್ಟುಕೊಂಡಿರಬೇಕು. ಚೇತರಿಸಿಕೊಂಡರೂ ಮನೆಗೆ ಕಳಿಸುವಂತಿಲ್ಲ. ಕೆಲವರಲ್ಲಿ ಗಂಟೆಗಳ ಮೇಲೆ ಮತ್ತೆ ಮರುಕಳಿಸುತ್ತದೆ.

ಬರೀ ಹೆದರಿ ಮೂರ್ಛೆ ಹೋದವರನ್ನು ಬೇರೆ ಮಾಡಿ ಗುರುತಿಸಿ. ಮುಖ ಬಿಳಿಚಿ ಬೆವರುತ್ತದೆ, ನಾಡಿ ನಿಧಾನ, ಆದರೆ ಕುತ್ತಿಗೆಯಲ್ಲಿ ಗಟ್ಟಿಯಾಗಿ ಸಿಗುತ್ತದೆ, ಗಂಧೆ ಇರುವುದಿಲ್ಲ, ಮಲಗಿಸಿದರೆ ಒಂದೆರಡು ನಿಮಿಷಕ್ಕೆ ಕಣ್ಣು ಬಿಡುತ್ತಾರೆ. ಅನಾಫಿಲಾಕ್ಸಿಸ್‌ನಲ್ಲಿ ನಾಡಿಯ ವೇಗ ಹೆಚ್ಚು, ಆದರೆ ಕೈಗೆ ಸಿಗದಷ್ಟು ಸಣ್ಣ.

ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ನನ್ನ ಕಣ್ಣಿಗೆ ಕಾಣುವ ಬೆಂಚಿನಲ್ಲೇ ಕೂರಿಸುತ್ತೇನೆ, ಹೊರಗಿನ ಮರದ ನೆರಳಿನಲ್ಲಿ ಅಲ್ಲ. ಎದ್ದು ಹೋಗುವಾಗ ಕಾರ್ಡಿನಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್, ಗಂಟೆ ಮತ್ತು ‘ಮೊಟ್ಟೆ ಅಲರ್ಜಿ, ಲಸಿಕೆ ತಾಳಿಕೊಂಡಿದ್ದಾರೆ’ ಅಂತ ಬರೆದುಕೊಡುತ್ತೇನೆ.