ಕಾರ್ಡ್ ಕೊಳ್ಳುವ ಮೊದಲು ಎಸ್‌ಎಂಪಿಎಸ್ ಲೇಬಲ್ ಓದಿ

ಕಡಿಮೆ ಬಜೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಹಾಕಿಸುವವರು ಸಾಮಾನ್ಯವಾಗಿ ಮೊದಲು ಕಾರ್ಡ್ ಆರಿಸಿ, ಮಿಕ್ಕ ದುಡ್ಡಿಗೆ ಸಿಕ್ಕ ಎಸ್‌ಎಂಪಿಎಸ್ (ಕಂಪ್ಯೂಟರಿಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ) ತರುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ನಿಮ್ಮ ಎಸ್‌ಎಂಪಿಎಸ್ ಎಷ್ಟು ಭಾರ ಹೊರುತ್ತದೆ ಎಂದು ತಿಳಿದರೆ, ಯಾವ ಕಾರ್ಡ್ ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ ಮೇಲಿನ ಲೇಬಲ್ ನೋಡಿ. ದಪ್ಪಕ್ಷರದ ‘450 ವ್ಯಾಟ್’ ಬಿಟ್ಟುಬಿಡಿ. ಪ್ಲಸ್ 12 ವೋಲ್ಟ್ ಎಂಬ ಕಾಲಂ ಕೆಳಗೆ ಎಷ್ಟು ಆಂಪ್ಸ್ ಇದೆ ಎಂಬುದಷ್ಟೇ ಮುಖ್ಯ, ಏಕೆಂದರೆ ಪ್ರೊಸೆಸರ್, ಕಾರ್ಡ್ ಎರಡಕ್ಕೂ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ. ಅದನ್ನು 12ರಿಂದ ಗುಣಿಸಿ. 16 ಆಂಪ್ಸ್ ಇದ್ದರೆ ಸಿಗುವುದು 192 ವ್ಯಾಟ್, ಮಿಕ್ಕದ್ದನ್ನು 3.3 ಮತ್ತು 5 ವೋಲ್ಟ್ ಸಾಲುಗಳಲ್ಲಿ ತೋರಿಸಿ ಮೊತ್ತ ಹಿಗ್ಗಿಸಿರುತ್ತಾರೆ. 36 ಆಂಪ್ಸ್ ಇದ್ದರೆ 432 ವ್ಯಾಟ್, ಅದು ನಿಜವಾದ 450ರ ಎಸ್‌ಎಂಪಿಎಸ್. 12 ವೋಲ್ಟಿನ ಕಾಲಂ ಎರಡಿದ್ದರೆ ಆಂಪ್ಸ್ ಕೂಡಿಸಬೇಡಿ, ಅವುಗಳ ಒಟ್ಟು ಮಿತಿ ಕೆಳಗೆ ಬೇರೆ ಬರೆದಿರುತ್ತದೆ. ಇನ್ನೊಂದು ಸುಲಭ ಗುರುತು: ಕಾರ್ಡಿಗೆಂದು 6+2 ಪಿನ್ ವೈರೇ ಇಲ್ಲದಿದ್ದರೆ, ಅದನ್ನು ಮಾಡಿದವನಿಗೇ ಅದರ ಮೇಲೆ ಭರವಸೆ ಇಲ್ಲ ಎಂದರ್ಥ. ಕ್ಯಾಬಿನೆಟ್ಟಿನ ಜೊತೆ ‘ಫ್ರೀ’ ಬರುವವು ಹೆಚ್ಚಾಗಿ ಈ ಜಾತಿಯವು.

80 ಪ್ಲಸ್ ಬ್ರಾಂಜ್ ಮುದ್ರೆ ಹೇಳುವುದು ಕರೆಂಟ್ ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಎಂಬುದನ್ನು ಮಾತ್ರ. ಓವರ್‌ಲೋಡ್ ಆದಾಗ ತಾನೇ ಆಫ್ ಆಗುವ ರಕ್ಷಣೆ ಇದೆಯೇ, ವಾರಂಟಿ ಎಷ್ಟು ವರ್ಷ ಎಂಬುದನ್ನು ಬೇರೆಯಾಗಿ ಕೇಳಬೇಕು. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ 230ರಲ್ಲೇ ಇರಲಿ. 115ಕ್ಕೆ ತಳ್ಳಿ ನಮ್ಮ ಮನೆಯ ಪ್ಲಗ್ಗಿಗೆ ಹಾಕಿದರೆ ಢಂ ಎನ್ನುತ್ತದೆ.

ಈಗ ಲೆಕ್ಕ. ರೈಜನ್ 5 5600 ಪ್ರೊಸೆಸರಿನ ಡಬ್ಬದ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ತಿ ಕೆಲಸದಲ್ಲಿ 76ರವರೆಗೆ ಎಳೆಯುತ್ತದೆ. ಇಂಟೆಲ್ ಐ3-12100ಎಫ್ 89ರವರೆಗೆ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ 50 ಹಿಡಿಯಿರಿ. ಆರ್‌ಎಕ್ಸ್ 6600 ಕಾರ್ಡಿಗೆ 132. ಪ್ರೊಸೆಸರಿಗೆ ಹೆಚ್ಚಿನದನ್ನೇ ಹಿಡಿದರೆ ಒಟ್ಟು ಸುಮಾರು 270. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಎಳೆಯುವುದರಿಂದ, ಈ ಮೊತ್ತ 12 ವೋಲ್ಟ್ ಸಾಮರ್ಥ್ಯದ ಮೂರರಲ್ಲಿ ಎರಡು ಪಾಲಿನೊಳಗಿರಲಿ. 432ರ ಎಸ್‌ಎಂಪಿಎಸ್‌ಗೆ 270 ಆರಾಮ. 192ರದ್ದಕ್ಕೆ ಇದನ್ನು ಹೊರಿಸಿದರೆ ಗೇಮ್ ಶುರುವಾದ ಐದೇ ನಿಮಿಷಕ್ಕೆ ರೀಸ್ಟಾರ್ಟ್ ಆಗಬಹುದು. ರಕ್ಷಣೆಯೇ ಇಲ್ಲದ್ದಾದರೆ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಕೊಡುವುದು 75 ವ್ಯಾಟ್, 6 ಪಿನ್ ವೈರ್ ಇನ್ನೊಂದು 75, 8 ಪಿನ್ ವೈರ್ 150. ಹಾಗಾಗಿ ಎಸ್‌ಎಂಪಿಎಸ್ ಬದಲಿಸಲು ದುಡ್ಡಿಲ್ಲದವರು ಪಿನ್ ಇಲ್ಲದ, ಅಂದರೆ ಬೇರೆ ವೈರ್ ಬೇಡದ ಕಾರ್ಡ್ ಹುಡುಕಬೇಕು. ಅವುಗಳಲ್ಲಿ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಒಳ್ಳೆಯ ಆಯ್ಕೆ, 70 ವ್ಯಾಟ್ ಸಾಕು. ಅದೇ ಹೆಸರಿನ 8 ಜಿಬಿಯದ್ದು 130 ವ್ಯಾಟ್ ಕೇಳುತ್ತದೆ, ಅದಕ್ಕೆ ವೈರ್ ಬೇಕೇ ಬೇಕು. ಬಿಲ್ ಮಾಡಿಸುವಾಗ ಜಿಬಿ ನೋಡಿಕೊಳ್ಳಿ. ಜಿಟಿಎಕ್ಸ್ 1650ರಲ್ಲೂ ಪಿನ್ ಇರುವವು, ಇಲ್ಲದವು ಎರಡೂ ಬಂದಿವೆ. ಆರ್‌ಎಕ್ಸ್ 6400ಕ್ಕೆ 53 ವ್ಯಾಟ್ ಸಾಕಾದರೂ ಅದು ಸ್ಲಾಟಿನಲ್ಲಿ ಡೇಟಾ ಹರಿಯುವ ದಾರಿಗಳಲ್ಲಿ (ಲೇನ್) ನಾಲ್ಕನ್ನೇ ಬಳಸುತ್ತದೆ. ಪಿಸಿಐಇ 3.0 ಇರುವ ಹಳೇ ಬೋರ್ಡಿನಲ್ಲಿ ಆ ದಾರಿಯ ವೇಗ ಅರ್ಧಕ್ಕಿಳಿದು, 4 ಜಿಬಿ ಮೆಮೊರಿ ತುಂಬಿದೊಡನೆ ಗೇಮ್ ತಡವರಿಸುತ್ತದೆ. ವಿಡಿಯೋ ಎನ್‌ಕೋಡರ್ ಕೂಡ ಅದರಲ್ಲಿಲ್ಲ, ಸ್ಕ್ರೀನ್ ರೆಕಾರ್ಡ್ ಮಾಡುವವರು ಆ ಕಡೆ ತಲೆಹಾಕುವುದೇ ಬೇಡ. ಜಿಟಿ 710, ಜಿಟಿ 730 ಗೇಮಿಗೆ ಉಪಯೋಗಕ್ಕಿಲ್ಲ, ಎಷ್ಟು ಅಗ್ಗಕ್ಕೆ ಕೊಟ್ಟರೂ.

ಆಫೀಸುಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್ ಡಬ್ಬಗಳು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುತ್ತವೆ. ಅವುಗಳಲ್ಲಿ ಹಲವಕ್ಕೆ ಮಾಮೂಲಿ 24 ಪಿನ್ ಕನೆಕ್ಟರ್ ಇರುವುದಿಲ್ಲ, ಅಂಗಡಿಯ ಎಸ್‌ಎಂಪಿಎಸ್ ಹಾಗೇ ಕೂರುವುದಿಲ್ಲ. ಸ್ಲಿಮ್ ಡಬ್ಬವಾದರೆ ಗಿಡ್ಡ ಬ್ರಾಕೆಟ್ಟಿನ ಲೋ-ಪ್ರೊಫೈಲ್ ಕಾರ್ಡೇ ಆಗಬೇಕು. ಕೊಳ್ಳುವ ಮೊದಲು ಒಳಗಿನ ಜಾಗವನ್ನು ಸ್ಕೇಲ್ ಹಿಡಿದು ಅಳೆಯಿರಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆದುಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಬೇಡ. ಒಳಗಿನ ಕೆಪಾಸಿಟರ್ ಎಷ್ಟು ಸವೆದಿದೆ ಎಂದು ಹೊರಗಿನಿಂದ ಕಾಣದು. ಕಾರ್ಡನ್ನು ಎದುರಿಗೇ ಹಾಕಿಸಿ, ಅದರ ವಿವರ ತೋರಿಸುವ ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಓಡಿಸಿ. ಹಳೇ ಚಿಪ್ಪಿಗೆ ಹೊಸ ಹೆಸರಿನ ಬಯೋಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತುಂಬಿದ ನಕಲಿಯಾದರೆ ಬಹುಮಟ್ಟಿಗೆ ಅದರಲ್ಲೇ ಸಿಕ್ಕಿಬೀಳುತ್ತದೆ. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ 2304 ಶೇಡರ್ (ಚಿತ್ರ ಮೂಡಿಸುವ ಪುಟ್ಟ ಲೆಕ್ಕದ ಘಟಕ) ಇರಬೇಕು. 2048 ಕಂಡರೆ ಅದು ಕೆಳದರ್ಜೆಯ ಮಾದರಿ, ಆ ಬೆಲೆಗೇ ಚೌಕಾಸಿ ಮಾಡಿ. ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹೊರಿಸಿ ಪರೀಕ್ಷಿಸುವ ಫರ್‌ಮಾರ್ಕ್ ಹದಿನೈದು ನಿಮಿಷ ಓಡಲಿ. ಪರದೆಯಲ್ಲಿ ಚುಕ್ಕೆ ಎದ್ದರೆ, ಫ್ಯಾನ್ ಗರಗರ ಎಂದರೆ ಎದ್ದು ಬನ್ನಿ.

ಜೋಡಿಸುವಾಗ ಪ್ರೊಸೆಸರಿನ 4+4 ಪಿನ್ನನ್ನು ಕಾರ್ಡಿಗೆ ತುರುಕಬೇಡಿ. ನೋಡಲು ಒಂದೇ ಥರ, ಪ್ಲಸ್-ಮೈನಸ್ ಮಾತ್ರ ಅದಲುಬದಲು. ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪ್ಲಗ್ಗಿನಿಂದ 6 ಪಿನ್ ಮಾಡಿಕೊಡುವ ಕನ್ವರ್ಟರ್ ಕೂಡ ಬೇಡ: ಸಾಟಾ ಪ್ಲಗ್ 12 ವೋಲ್ಟಿನಲ್ಲಿ ತಡೆಯುವುದು 54 ವ್ಯಾಟ್, 6 ಪಿನ್ ಕೇಳುವುದು 75ರವರೆಗೆ. ಪ್ಲಾಸ್ಟಿಕ್ ಕರಗುತ್ತದೆ. ವೈರ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಅದರ ಜೊತೆ ಬಂದ ವೈರನ್ನೇ ಬಳಸಿ, ಬೇರೆ ಕಂಪನಿಯದ್ದು ಸಲೀಸಾಗಿ ಕೂತರೂ ಒಳಗಿನ ಪಿನ್ ಕ್ರಮ ಬೇರೆಯಿರಬಹುದು.

ಎಲ್ಲ ಆದಮೇಲೂ ಪರದೆ ಕಪ್ಪಗಿದ್ದರೆ ಗಾಬರಿ ಬೇಡ. ಮಾನಿಟರ್ ವೈರ್ ಮದರ್‌ಬೋರ್ಡಿನಲ್ಲೇ ಉಳಿದಿರಬಹುದು, ಅದನ್ನು ಕಾರ್ಡಿಗೆ ಹಾಕಿ. ಹೊಸ ಕಾರ್ಡ್‌ಗಳಲ್ಲಿ ವಿಜಿಎ ಪೋರ್ಟ್ ಇಲ್ಲ, ಹಳೇ ಮಾನಿಟರಿಗೆ ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಬೇಕು. ಕರೆಂಟ್ ಹೋದಾಗ ಯುಪಿಎಸ್ ಕೀ ಎಂದು ಕಂಪ್ಯೂಟರ್ ಆಫ್ ಆದರೆ ಕಾರ್ಡನ್ನು ಬೈಯಬೇಡಿ: ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮೀರಿ ಕೊಡದು, ಮಾನಿಟರೂ ಅದರಲ್ಲೇ ಉಣ್ಣುತ್ತದೆ.