ತಕ್ಕಡಿ, ಬಟವಾಡೆ, ಬಿಲ್ಲು: ಅಂಗಡಿಯಲ್ಲಿ ಕ್ರೈಸ್ತರಾಗಿ ಬಾಳುವುದು ಹೇಗೆ

ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ ಶಿಲುಬೆಯನ್ನೋ ವಚನದ ಕ್ಯಾಲೆಂಡರನ್ನೋ ಗಿರಾಕಿ ಗಮನಿಸದೇ ಇರಬಹುದು, ತಕ್ಕಡಿಯನ್ನಂತೂ ಗಮನಿಸಿಯೇ ಗಮನಿಸುತ್ತಾನೆ. ಸತ್ಯವೇದದ ಕಣ್ಣೂ ಅಲ್ಲೇ ಇದೆ. ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ನೋಡಿ: ಕೂಲಿಯವನ ಕೂಲಿಯನ್ನು ರಾತ್ರಿಯಿಡೀ ಇಟ್ಟುಕೊಳ್ಳಬೇಡ ಎಂಬ ಮಾತು 13ನೇ ವಚನದಲ್ಲಿದೆ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು 18ರಲ್ಲಿ, ಸರಿಯಾದ ತ್ರಾಸು, ಸರಿಯಾದ ತೂಕದ ಕಲ್ಲು ಇರಲಿ ಎಂಬುದು 35–36ರಲ್ಲಿ. ಪ್ರೀತಿಯ ಆಜ್ಞೆ ಕೂಲಿಗೂ ತಕ್ಕಡಿಗೂ ನಡುವೆ ಕೂತಿದೆ.

ಕಿರಾಣಿ ಅಂಗಡಿ, ಬೇಕರಿ, ಸಣ್ಣ ಗುತ್ತಿಗೆ ಕೆಲಸ ನಡೆಸುವ ವಿಶ್ವಾಸಿಗಳಿಗೆ ಇಲ್ಲಿ ಹೇಳುವುದು ಮುಖ್ಯವಾಗಿ ಒಂದೇ: ಪ್ರಾಮಾಣಿಕತೆಯನ್ನು ಆ ಹೊತ್ತಿನ ಮನಸ್ಸಿಗೆ ಬಿಡಬೇಡಿ, ಬೇರೆಯವರು ಪರೀಕ್ಷಿಸಿ ನೋಡುವಂತೆ ಮೊದಲೇ ಏರ್ಪಾಡು ಮಾಡಿಡಿ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿಕೊಟ್ಟವರನ್ನು ಜೊತೆಗಿಟ್ಟುಕೊಂಡ. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲೂ ವ್ಯವಹಾರ ಚೊಕ್ಕಟವಾಗಿರಬೇಕು ಎಂಬುದೇ ಅವನು ಕೊಟ್ಟ ಕಾರಣ (2 ಕೊರಿಂಥ 8:19–21).

ತಕ್ಕಡಿ

ಈಗ ಹೆಚ್ಚಿನ ಕಡೆ ಎಲೆಕ್ಟ್ರಾನಿಕ್ ತಕ್ಕಡಿ. ಅದು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೇ ಮೊದಲ ತಪ್ಪು. ಮುದ್ರೆ ಹೊಡೆದ ಒಂದು ಕೆಜಿ ಬಟ್ಟನ್ನು ಅಂಗಡಿಯಲ್ಲಿ ಸದಾ ಇಟ್ಟುಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆದ ಮೇಲೆ, ಮೊದಲ ಗಿರಾಕಿ ಬರುವ ಮುಂಚೆ ಹೀಗೆ ಮಾಡಿ. ತಕ್ಕಡಿಯಲ್ಲಿ ಮಟ್ಟ ತೋರಿಸುವ ಗುಳ್ಳೆ ಇದ್ದರೆ ಅದು ನಡುವಿಗೆ ಬರುವ ತನಕ ಕಾಲುಗಳನ್ನು ತಿರುಗಿಸಿ. ಫ್ಯಾನ್ ಆರಿಸಿ, ತಟ್ಟೆ ಒರೆಸಿ, ಸೊನ್ನೆ ತೋರಿಸುತ್ತಿದೆಯೇ ನೋಡಿ. ಬಟ್ಟನ್ನು ನಡುವೆ ಇಟ್ಟು ಓದಿ, ಆಮೇಲೆ ನಾಲ್ಕು ಮೂಲೆಗೂ ಸರಿಸಿ ಓದಿ. ನಡುವೆ ಸರಿ ಬಂದು ಒಂದು ಮೂಲೆಯಲ್ಲಿ ಹೆಚ್ಚುಕಮ್ಮಿ ಬಂದರೆ ಕಾಲು ಕುಸಿದಿರಬಹುದು, ಇಲ್ಲವೇ ತಟ್ಟೆ ಎಲ್ಲೋ ತಾಗುತ್ತಿರಬಹುದು. ಎಲ್ಲ ಕಡೆಯೂ ಒಂದೇ ರೀತಿ ತಪ್ಪು ತೋರಿಸಿದರೆ ಅದು ರಿಪೇರಿಯ ಕೆಲಸ. ಸರಿಪಡಿಸಿ ಮತ್ತೆ ಮುದ್ರೆ ಹಾಕಿಸುವ ತನಕ ಅದರಲ್ಲಿ ತೂಗಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಕಬ್ಬಿಣದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ತೂಕ-ಅಳತೆ ಇಲಾಖೆಯ ಮುದ್ರೆ ಬೀಳಬೇಕು.

ಅಂಕಿ ತೋರಿಸುವ ಪರದೆ ಗಿರಾಕಿಯ ಕಡೆಗಿರಲಿ. ಮುಂದೆ ಬಿಸ್ಕತ್ತಿನ ಡಬ್ಬಿ ಜೋಡಿಸಿ ಅದನ್ನು ಮುಚ್ಚಬೇಡಿ. ಒಂದು ಕೆಜಿ ಬಟ್ಟನ್ನೂ ಕಾಣುವಂತೆ ಪಕ್ಕದಲ್ಲಿಡಿ, ಅನುಮಾನ ಬಂದವರು ತಾವೇ ಇಟ್ಟು ನೋಡಲಿ.

ಹೆಚ್ಚು ಎಡವುವುದು ಸಿಹಿತಿಂಡಿಯ ಡಬ್ಬಿಯಲ್ಲಿ. ಖಾಲಿ ರಟ್ಟಿನ ಡಬ್ಬಿ 60 ಗ್ರಾಂ ಇದ್ದು, ಕೆಜಿಗೆ 600 ರೂಪಾಯಿಯ ಮೈಸೂರುಪಾಕನ್ನು ಡಬ್ಬಿ ಸಮೇತ ತೂಗಿದರೆ ಗಿರಾಕಿ ರಟ್ಟಿಗೆ 36 ರೂಪಾಯಿ ಕೊಟ್ಟಂತಾಯಿತು. ‘ಎಲ್ಲರೂ ಹಾಗೇ ತೂಗುತ್ತಾರೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಅಳತೆಯನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡುವವರ ಮೇಲೆ ಪ್ರವಾದಿ ಆಮೋಸ ಗುಡುಗಿದ್ದು ಇಂಥ ಲೆಕ್ಕಕ್ಕೇ (8:5). ಖಾಲಿ ಡಬ್ಬಿಯನ್ನು ಮೊದಲು ತಟ್ಟೆಯ ಮೇಲಿಟ್ಟು ಟೇರ್ ಗುಂಡಿ ಒತ್ತಿ, ಸೊನ್ನೆ ಬಂದ ಮೇಲೆ ತಿಂಡಿ ತುಂಬಿ. ಜನ ಹೆಚ್ಚಿದ್ದಾಗ ಕೆಲಸದ ಹುಡುಗರು ಇದನ್ನೇ ಬಿಟ್ಟುಬಿಡುತ್ತಾರೆ. ಡಬ್ಬಿಯ ದುಡ್ಡು ಗಿಟ್ಟದಿದ್ದರೆ ತಿಂಡಿಯ ದರವನ್ನೇ ಏರಿಸಿ ಬೋರ್ಡಿನಲ್ಲಿ ಬರೆಯಿರಿ.

ಬಟವಾಡೆ

ಮೇಸ್ತ್ರಿಗಳೂ ಗುತ್ತಿಗೆದಾರರೂ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಮನೆ ಕಟ್ಟಿಸುವವರು ದುಡ್ಡು ಕೊಟ್ಟಿಲ್ಲ, ಅದಕ್ಕೇ ಆಳುಗಳಿಗೆ ಕೊಟ್ಟಿಲ್ಲ ಎನ್ನುತ್ತಾರೆ. ಕೂಲಿಯವನಿಗೂ ನಿಮಗೂ ಒಪ್ಪಂದ, ಮನೆಯವರಿಗೂ ಅವನಿಗೂ ಅಲ್ಲ. ಸೂರ್ಯ ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ 24:15 ಹೇಳುವಾಗ ಯಜಮಾನನಿಗೆ ಬರಬೇಕಾದ ಬಾಕಿಯ ಮಾತೇ ಎತ್ತುವುದಿಲ್ಲ.

ದಾರಿ ಇಷ್ಟು. ಕೆಲಸ ಒಪ್ಪಿಕೊಂಡು ಮುಂಗಡ ಕೈಗೆ ಬಂದ ದಿನವೇ ಎರಡು ವಾರದ ಕೂಲಿಯನ್ನು ಬೇರೆ ಖಾತೆಗೆ ಹಾಕಿ, ಆಮೇಲೆ ಸಿಮೆಂಟು ಕೊಳ್ಳಿ. ಮುಂಗಡ ಅಷ್ಟಕ್ಕೆ ಸಾಲದಿದ್ದರೆ ಆ ಕೆಲಸ ನಿಮ್ಮ ಶಕ್ತಿಗೆ ಮೀರಿದ್ದು. ದಿನಗೂಲಿಯಾದರೆ ಅಂದೇ ಕೊಡಿ. ವಾರದ ಬಟವಾಡೆ ಎಂದು ಮೊದಲೇ ಮಾತಾಗಿದ್ದರೆ ಶನಿವಾರ ಸಂಜೆ, ಕೆಲಸದ ಜಾಗದಲ್ಲೇ, ಎಲ್ಲರ ಎದುರು ಕೊಡಿ. ಹಾಜರಿ ಪುಸ್ತಕದಲ್ಲಿ ತಾರೀಕು, ಪೂರ್ತಿ ದಿನವೋ ಅರ್ಧ ದಿನವೋ, ಓಟಿ, ಕೊಟ್ಟ ಅಡ್ವಾನ್ಸು, ಉಳಿದ ಬಾಕಿ ಇಷ್ಟೂ ಇರಲಿ. ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಆ ಪುಟದ ಫೋಟೋವನ್ನು ಅವರ ಮೊಬೈಲಿಗೂ ಕಳಿಸಿ. ಲೆಕ್ಕ ನಿಮ್ಮೊಬ್ಬರ ಕೈಯಲ್ಲೇ ಇದ್ದರೆ ಜಗಳದ ದಿನ ನಿಮ್ಮ ಮಾತೇ ಗೆಲ್ಲುತ್ತದೆ, ಅದೇ ಅನ್ಯಾಯದ ಬೇರು.

ಅಡ್ವಾನ್ಸ್ ಕೊಡುವುದು ದಯೆಯಂತೆ ಕಂಡರೂ ದೊಡ್ಡ ಮೊತ್ತ ಕೊಟ್ಟು ‘ತೀರುವ ತನಕ ಬೇರೆ ಕಡೆ ಹೋಗಬೇಡ’ ಎಂದರೆ ಅದು ಜೀತ. 1976ರಿಂದ ಕಾನೂನೇ ಅದನ್ನು ನಿಷೇಧಿಸಿದೆ. ನಾಲ್ಕೈದು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮುರಿದುಕೊಳ್ಳಬಹುದಾದಷ್ಟೇ ಕೊಡಿ. ಮಗುವಿನ ಆಸ್ಪತ್ರೆ ಖರ್ಚಿನಂಥ ಕಷ್ಟಕ್ಕಾದರೆ ಕೈಲಾದಷ್ಟನ್ನು ಸಹಾಯ ಎಂದೇ ಕೊಟ್ಟು ಪುಸ್ತಕದಲ್ಲಿ ಬರೆಯದೆ ಬಿಡಿ.

ಮನೆಗೆಲಸದವರ ವಿಷಯವೂ ಇದರ ಜೊತೆಗೇ ಸೇರಿದ್ದು. ಭಾನುವಾರ ನಾವು ಆರಾಧನೆ ಮುಗಿಸಿ ಬಂದು ನೆಂಟರಿಗೆ ಊಟ ಹಾಕುವಾಗ ಪಾತ್ರೆ ತೊಳೆಯುವ ಅಕ್ಕನಿಗೆ ರಜೆಯೇ ಇಲ್ಲದ ಮನೆಗಳಿವೆ. ಸಬ್ಬತ್ತಿನ ಆಜ್ಞೆಯಲ್ಲಿ ದಾಸದಾಸಿಯರ ವಿಶ್ರಾಂತಿಯನ್ನೂ ಹೆಸರಿಟ್ಟು ಹೇಳಿದೆ (ಧರ್ಮೋಪದೇಶಕಾಂಡ 5:14). ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಿ, ಸಂಬಳ ಹಿಡಿಯಬೇಡಿ. ಮರುದಿನಕ್ಕೆ ಪಾತ್ರೆ ರಾಶಿ ಹಾಕಿಟ್ಟರೆ ಅದು ರಜೆಯಲ್ಲ, ಅಂದು ನೀವೇ ತೊಳೆಯಿರಿ.

ಬಿಲ್ಲು

ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ತನ್ನ ಹೆಸರನ್ನು ಹೆಂಚಿನ ಮೇಲೇ ಒತ್ತುತ್ತಿತ್ತು. ಮಾಡು ಸೋರಿದರೆ ಯಾರ ಮಾಲು ಎಂದು ಕೇಳಬೇಕಾಗಿರಲಿಲ್ಲ. ಬಿಲ್ಲು ಕೊಡುವುದೂ ಹಾಗೆ ಹೆಸರು ಒತ್ತಿ ಕೊಡುವುದೇ. ‘ಬಿಲ್ ಬೇಕಾದರೆ ಒಂದು ರೇಟು, ಬೇಡವಾದರೆ ಇನ್ನೊಂದು’ ಎನ್ನುವವರು ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ ಎಂಬ ರೋಮಾಪುರದವರಿಗೆ 13:7ನ್ನು ಬಾಗಿಲ ಹೊರಗೇ ನಿಲ್ಲಿಸಿದ ಹಾಗೆ.

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರು ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ವಹಿವಾಟು ಎಂದರೆ ಲಾಭವಲ್ಲ, ಒಟ್ಟು ಮಾರಾಟ. ತೆರಿಗೆ ಇರುವ ಮಾಲಿನ ಜೊತೆ ತೆರಿಗೆಯಿಲ್ಲದ ಹಾಲು, ತರಕಾರಿ ಮಾರುತ್ತಿದ್ದರೆ ಅದೂ ಈ ಮೊತ್ತಕ್ಕೆ ಸೇರುತ್ತದೆ. ಇದು ತಿಳಿಯದೆ ತಪ್ಪಿದವರು ಬಹಳ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಕಾಣಿಸಿತು. ಗಾಬರಿ ಅರ್ಥವಾಗುತ್ತದೆ. ಆದರೆ ಮಿತಿ ದಾಟಿದ್ದು ಗೊತ್ತಿದ್ದೂ ಒಂದು ಕ್ಯೂಆರ್ ಕೋಡ್ ಅಪ್ಪನ ಹೆಸರಿಗೆ, ಇನ್ನೊಂದು ಮಗನ ಹೆಸರಿಗೆ ಹಂಚುವುದು ವಂಚನೆಯೇ. ಪ್ರತಿ ತಿಂಗಳ ಕೊನೆಗೆ ನಗದು, ಯುಪಿಐ ಎರಡನ್ನೂ ಕೂಡಿಸಿ ಬರೆದಿಡಿ. ಸರಕು ಮಾರುವವರು ವರ್ಷದ ಮೊತ್ತ 30 ಲಕ್ಷ ಮುಟ್ಟಿದಾಗಲೇ, ಸೇವೆ ಕೊಡುವವರು 20 ಲಕ್ಷ ಮುಟ್ಟುವ ಮುಂಚೆಯೇ ಲೆಕ್ಕಪರಿಶೋಧಕರನ್ನು ಕಾಣಿ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಗೊತ್ತಾದ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಗಿರಾಕಿಯಿಂದ ಜಿಎಸ್‌ಟಿ ಎಂದು ಪ್ರತ್ಯೇಕವಾಗಿ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ.

ಹಳೆಯ ತಪ್ಪುಗಳು

ಇಷ್ಟು ಸರಿಮಾಡಿಕೊಂಡ ಮೇಲೆ ಹಿಂದೆ ಆದದ್ದರ ಮಾತು. ಪ್ರಾರ್ಥನೆಯಲ್ಲಿ ಅತ್ತು ಮುಗಿಸುವುದು ಸುಲಭ, ದುಡ್ಡು ಹಿಂತಿರುಗಿಸುವುದು ಕಷ್ಟ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವರ ಮುಖ್ಯಸ್ಥ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಅರಣ್ಯಕಾಂಡ 5:7 ಕೇಳುವುದು ಅಸಲು ಮತ್ತು ಐದನೆಯ ಒಂದು ಪಾಲು. ಅಂದರೆ 5,000 ತಪ್ಪಾಗಿ ಹಿಡಿದಿದ್ದರೆ 6,000 ಕೊಡಬೇಕು. ಕಥೋಲಿಕರು ಪಾಪನಿವೇದನೆ ಮಾಡಿದ ಮೇಲೂ, ಕದ್ದದ್ದನ್ನು ಹಿಂದಿರುಗಿಸುವುದೂ ಸೇರಿ, ಆದ ನಷ್ಟವನ್ನು ಕೈಲಾದಷ್ಟು ತುಂಬಿಕೊಡಬೇಕೆಂದೇ ಧರ್ಮಸಭೆಯ ಬೋಧನೆ.

ಪ್ರಭುಭೋಜನಕ್ಕೆ ಮುಂಚಿನ ವಾರ ಹಳೆಯ ಪುಸ್ತಕ ತೆಗೆದು ಯಾರಿಗೆ, ಎಷ್ಟು, ಯಾವುದಕ್ಕೆ ಎಂದು ಬರೆದುಕೊಳ್ಳಿ. ಮನೆಗೇ ಹೋಗಿ. ‘ಎಲ್ಲೋ ಹೆಚ್ಚುಕಮ್ಮಿ ಆಗಿರಬಹುದು’ ಎನ್ನಬೇಡಿ. ‘ಆ ವರ್ಷ ನಿಮ್ಮ ಹನ್ನೆರಡು ದಿನದ ಕೂಲಿ ಹಿಡಿದಿದ್ದೆ, ತಪ್ಪು ನನ್ನದು, ಇದು ನಿಮ್ಮ ದುಡ್ಡು’ ಎನ್ನಿ. ಎದುರಿನವರು ಬೈದರೆ ಸುಮ್ಮನೆ ಕೇಳಿಸಿಕೊಳ್ಳಿ, ಕ್ಷಮಿಸಿ ಎಂದು ಒತ್ತಾಯಿಸಬೇಡಿ. ಒಟ್ಟಿಗೆ ಕೊಡಲಾಗದಿದ್ದರೆ ಕಂತು ಗೊತ್ತುಮಾಡಿ, ಮೊದಲ ಕಂತನ್ನು ಅಂದೇ ಕೈಗಿಡಿ. ತೀರಿಕೊಂಡಿದ್ದರೆ ಮಕ್ಕಳಿಗೆ ಸಲ್ಲಬೇಕು. ಯಾರೂ ಸಿಗದಿದ್ದರೆ ಸಭಾಪಾಲಕರಿಗೋ ಪಾದ್ರಿಗಳಿಗೋ ವಿಷಯ ಬಿಚ್ಚಿ ಹೇಳಿ ಬಡವರಿಗೆ ಮುಟ್ಟಿಸಿ. ಅದನ್ನು ನಿಮ್ಮ ದಶಮಾಂಶದ ಲೆಕ್ಕಕ್ಕೆ ಸೇರಿಸಬೇಡಿ, ನಿಮ್ಮ ಹೆಸರಿನ ಕಾಣಿಕೆ ಲಕೋಟೆಯಲ್ಲೂ ಹಾಕಬೇಡಿ, ರಸೀದಿಯನ್ನೂ ಕೇಳಬೇಡಿ. ಆ ದುಡ್ಡು ಬೇರೆಯವರದು.